ಹಾಕೋಬನ ಅಂಕಿ

ಶೋಘಿಕ್ ಆ ಮಧ್ಯಾಹ್ನ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಕೋಟನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತಳು. ಅಪ್ಪ ಕೆಳಗೆ ಸೆರೋಬನ ಕ್ಷೌರದಂಗಡಿಯಲ್ಲಿದ್ದ. ಮೂರು ಮಹಡಿ ಹತ್ತಲು ಅವನಿಗೆ ಹತ್ತು ನಿಮಿಷವಾದರೂ ಬೇಕು, ನಡುವೆ ನಿಂತು ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸುವುದು ಬೇರೆ. ಅಷ್ಟು ಹೊತ್ತು ಅವಳಿಗೆ ಸಾಕು. ಚೆಸ್ ಪ್ರೋಗ್ರಾಂ ತೆರೆದು, ಎದುರಾಳಿಯಾಗಿ ಆಡುವ ಎಂಜಿನ್‌ಗಳ ಪಟ್ಟಿಯಲ್ಲಿ ‘ಹಾಕೋಬ್’ ಎಂಬ ಹೆಸರನ್ನು ಹುಡುಕಿ, ಅದರ ಸೆಟ್ಟಿಂಗ್ ಕಿಟಕಿಯಲ್ಲಿ ಆಟದ ಬಲ ಎಂದಿದ್ದ ಜಾಗದಲ್ಲಿ 1500 ಅಳಿಸಿ 1400 ಎಂದು ಒತ್ತಿದಳು. ಅದನ್ನು ಉಳಿಸಿ ಎದ್ದು, ಆಮೇಲೆ ಕೋಟು ಬಿಚ್ಚಿದಳು. ಇನ್ನು ಕೆಳಗೆ ಉಳಿದದ್ದು ಐವತ್ತೇ ಅಂಕಿ. 1350ಕ್ಕಿಂತ ದಡ್ಡನಾಗಲು ಆ ಎಂಜಿನ್ ಒಪ್ಪುವುದಿಲ್ಲ. ಯಂತ್ರಕ್ಕೂ ಒಂದು ಮಾನ ಮರ್ಯಾದೆ ಇದೆಯಲ್ಲ.

ಅಂಕಿ ಇಳಿಸಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಪರದೆಯ ಕೆಳಗಿನ ಅಂಚಿಗೆ ಒಂದು ತುಂಡು ಬಿಳಿ ಪಟ್ಟಿ ಅಂಟಿಸಿತ್ತು, ಗಾಯಕ್ಕೆ ಹಾಕುವಂಥದ್ದು. ಅದರ ಮೇಲೆ ಅಪ್ಪನ ದಪ್ಪ ಅಕ್ಷರದಲ್ಲಿ 2200 ಎಂದಿತ್ತು. ಆರು ವರ್ಷದ ಹಿಂದೆ ಅವನೇ ಬರೆದು ಅಂಟಿಸಿದ್ದು. ಮೂರು ವರ್ಷದಿಂದ ಅದು ಶುದ್ಧ ಸುಳ್ಳು, ಆ ಸುಳ್ಳನ್ನು ಸಾಕುತ್ತಿದ್ದವಳು ಶೋಘಿಕ್.

ಅಪ್ಪನ ಹೆಸರು ವಾಘಿನಾಕ್. ಗ್ಯೂಮ್ರಿಯ ಚೆಸ್ ಶಾಲೆಯಲ್ಲಿ ನಲವತ್ತೊಂದು ವರ್ಷ ಕಲಿಸಿದವನು. ಊರಿನ ಅರ್ಧ ಜನ ಕುದುರೆ ಹೇಗೆ ನೆಗೆಯುತ್ತದೆ ಎಂದು ಕಲಿತದ್ದು ಅವನ ಕೈಯಿಂದಲೇ. ಬೇಕರಿಯವನು, ಪಾದ್ರಿ, ಚೌಕದಲ್ಲಿ ಸೀಟಿ ಊದುವ ಪೊಲೀಸು, ಎಲ್ಲರಿಗೂ ಅವನು ‘ವಾರ್ಪೆತ್’, ಅಂದರೆ ಗುರು. ಎಪ್ಪತ್ತು ತುಂಬಿದಾಗ ಆ ಶಿಷ್ಯರೆಲ್ಲ ಸೇರಿ ಒಂದು ಒಳ್ಳೆಯ ಕಂಪ್ಯೂಟರ್ ತಂದು ಮೇಜಿನ ಮೇಲೆ ಇಟ್ಟು ಹೋದರು. ಅದರೊಳಗಿನ ಎಂಜಿನ್ ಅನ್ನು ಪೂರ್ತಿ ಬಲಕ್ಕೆ ಬಿಟ್ಟರೆ ಎಂಥವನನ್ನೂ ಅರೆದು ಚಟ್ನಿ ಮಾಡುತ್ತಿತ್ತು. ಅದರ ಜೊತೆ ಆಡುವುದರಲ್ಲಿ ಯಾವ ಸುಖವೂ ಇಲ್ಲ. ಅಪ್ಪ ಒಂದು ತಿಂಗಳು ಪ್ರಯೋಗ ಮಾಡಿ, ಒಂದು ಆಟ ತಾನು ಗೆದ್ದರೆ ಒಂದು ಆಟ ಅದು ಗೆಲ್ಲುವ ಅಂಕಿ ಯಾವುದೆಂದು ಕಂಡುಹಿಡಿದ. 2200. ಅದು ತನ್ನ ಅಂಕಿಯೂ ಹೌದು ಎಂದು ಎದೆಯುಬ್ಬಿಸಿ ಪಟ್ಟಿ ಅಂಟಿಸಿದ. ಎಂಜಿನ್‌ಗಿದ್ದ ಉದ್ದನೆಯ ಹೆಸರನ್ನು ಅಳಿಸಿ ಹಾಕೋಬ್ ಎಂದು ನಾಮಕರಣ ಮಾಡಿಸಿದ.

ಹಾಕೋಬ್ ಎಂದರೆ ಬೀಗ ರಿಪೇರಿಯ ಹಾಕೋಬ್. ಅಪ್ಪನ ಜೊತೆ ಪಾರ್ಕಿನ ಬೆಂಚಿನ ಮೇಲೆ ಮೂವತ್ತು ವರ್ಷ ಆಡಿ ಸತ್ತವನು. ಸೋತಾಗೆಲ್ಲ “ಕಣ್ಣಿಗೆ ಬಿಸಿಲು ಹೊಡೀತು” ಎನ್ನುತ್ತಿದ್ದ, ಮೋಡ ಕವಿದಿದ್ದರೂ ಸರಿಯೇ. ಆದರೆ ಅವನಲ್ಲಿ ಒಂದು ಗುಣವಿತ್ತು. ಅಪ್ಪನಿಗೆ ಜ್ವರವಿರಲಿ, ಹುಟ್ಟುಹಬ್ಬವಿರಲಿ, ಒಂದೇ ಒಂದು ಆಟವನ್ನೂ ಬಿಟ್ಟುಕೊಟ್ಟವನಲ್ಲ. ಅವರಿಬ್ಬರ ನಡುವೆ ಒಂದು ಕಟ್ಟಳೆಯಿತ್ತು, ಸೋತವನು ಕಾಫಿ ಬಟ್ಟಲು ತೊಳೆಯಬೇಕು. ಕಂಪ್ಯೂಟರಿನ ಹಾಕೋಬ್‌ಗೆ ಕೈಯಿಲ್ಲದ ಕಾರಣ ಅವನು ಸೋತಾಗ ಶೋಘಿಕ್ ತೊಳೆಯುತ್ತಿದ್ದಳು, ಅಪ್ಪ ಸೋತಾಗ ಅಪ್ಪ.

ಅಮ್ಮ ತೀರಿಕೊಂಡ ಶರತ್ಕಾಲದಲ್ಲಿ ಅಪ್ಪ ಸಾಲಾಗಿ ಹನ್ನೊಂದು ದಿನ ಸೋತ. ಹನ್ನೊಂದು ದಿನವೂ ತಾನೇ ಬಟ್ಟಲು ತೊಳೆದ. ಹನ್ನೆರಡನೆಯ ದಿನ ತನ್ನ ಪಂದ್ಯದ ಗಡಿಯಾರವನ್ನು ಸೆರೋಬನ ಅಂಗಡಿಗೆ ಒಯ್ದು, “ತಗೋ, ಕೂದಲಿಗೆ ಬಣ್ಣ ಹಚ್ಚಿದಾಗ ಹೊತ್ತು ನೋಡೋಕಾಗುತ್ತೆ” ಎಂದು ಕೊಟ್ಟು ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ರೊಟ್ಟಿ ಮುಟ್ಟಲಿಲ್ಲ, ಸೂಪು ಮುಟ್ಟಲಿಲ್ಲ. ಶೋಘಿಕಳ ಗಂಡ ರಷ್ಯಾಕ್ಕೆ ಮನೆ ಕಟ್ಟುವ ಕೆಲಸಕ್ಕೆ ಹೋದವನು ಅಲ್ಲೇ ತನಗೂ ಒಂದು ಮನೆ, ಅದಕ್ಕೊಬ್ಬ ಹೆಂಡತಿ ಮಾಡಿಕೊಂಡು ಉಳಿದಿದ್ದ. ಅವಳಿಗೆ ಇದ್ದವನು ಈ ಅಪ್ಪನೊಬ್ಬನೇ. ಗೋಡೆ ಕಡೆ ತಿರುಗಿದ್ದ ಆ ಬೆನ್ನನ್ನು ನಾಲ್ಕು ದಿನ ನೋಡಿದ ಮೇಲೆ ಅವಳು ಮೊದಲ ಸಲ ಆ ಸೆಟ್ಟಿಂಗ್ ಕಿಟಕಿ ತೆರೆದಳು. 2100. ಕಾಡಿಬೇಡಿ ಒಂದು ಆಟಕ್ಕೆ ಕೂರಿಸಿದಳು. ಅಪ್ಪ ಗೆದ್ದ. ಮೇಜು ಕುಟ್ಟಿ, “ಏನಯ್ಯಾ ಹಾಕೋಬ್, ಬಿಸಿಲು ಹೊಡೀತಾ?” ಎಂದು ಕೇಳಿ, ಚೀಸು ಹಾಕಿದ ಬಿಸಿ ಪಾನ್‌ರ್ಖಾಶ್ ಮಾಡು ಎಂದ. ಎರಡು ತಟ್ಟೆ ತಿಂದ. ಮೋಸ ಮಾಡಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಆಮೇಲೆ ಕಾಯಿಲೆ ಬಂತು. ಬೀಗದ ಕೈ ಎಲ್ಲಿಟ್ಟೆ ಎಂಬಲ್ಲಿಂದ ಶುರುವಾದ ಮರೆವು ಪಕ್ಕದ ಮನೆಯವರ ಹೆಸರಿಗೆ, ನಿನ್ನೆಯ ಊಟಕ್ಕೆ, ಒಮ್ಮೊಮ್ಮೆ ಅಮ್ಮ ಸತ್ತದ್ದಕ್ಕೂ ಹಬ್ಬಿತು. ಹಳೆಯದೆಲ್ಲ ಗಟ್ಟಿಯಾಗಿತ್ತು, ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಡಾಕ್ಟರು ಏನೇನೋ ಕೇಳಿ ಕಾಗದ ತುಂಬಿಸಿ, “ಸ್ವಲ್ಪ ಇಳಿದಿದೆ” ಎನ್ನುತ್ತಿದ್ದರು. ಎಷ್ಟು ಇಳಿದಿದೆ ಎಂಬುದು ಡಾಕ್ಟರಿಗಿಂತ ಶೋಘಿಕಳಿಗೆ ಚೆನ್ನಾಗಿ ಗೊತ್ತಿತ್ತು. 2100, 1900, 1700, 1500. ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೀಚಿಡುತ್ತಾರಲ್ಲ, ಅದೇ ಲೆಕ್ಕ, ಕೆಳಮುಖವಾಗಿ.

ಬಾಗಿಲು ತೆರೆಯಿತು. ಅಪ್ಪನ ಹಿಂದೆ ಸೆರೋಬನೂ ಬಂದ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ.

“ಶೋಘಿಕ್ ಜಾನ್, ನಿಮ್ಮಪ್ಪಂಗೆ ಒಂದು ಕಿವಿ ಕಡೆ ಮಾತ್ರ ಕತ್ತರಿಸಿದ್ದೀನಿ. ಆಟದ ಹೊತ್ತಾಯ್ತು ಅಂತ ಎದ್ದು ಓಡಿಬಂದ. ಇನ್ನೊಂದು ಕಡೆ ಇಲ್ಲೇ ಮುಗಿಸ್ತೀನಿ.”

“ಹಾಕೋಬ್ ಕಾಯ್ತಿರ್ತಾನೆ ಕಣಯ್ಯಾ,” ಎಂದ ಅಪ್ಪ ಕುರ್ಚಿ ಎಳೆದುಕೊಳ್ಳುತ್ತ.

“ಕಾಯದೆ ಎಲ್ಲಿಗೆ ಹೋಗ್ತಾನೆ? ಪ್ಲಗ್ಗಿಗೆ ಕಟ್ಟಿಹಾಕಿದ್ದೀಯಲ್ಲ.”

ಆ ಸಂಜೆ ಅಪ್ಪ ಮೂವತ್ತೆಂಟು ನಡೆಗಳಲ್ಲಿ ಗೆದ್ದ. ಒಂದು ಕಡೆ ಕೂದಲು ಉದ್ದ, ಇನ್ನೊಂದು ಕಡೆ ಗಿಡ್ಡ, ಮುಖ ಮಾತ್ರ ಹಬ್ಬ. ಶೋಘಿಕ್ ಮೂರು ಬಟ್ಟಲು ತೊಳೆದಳು.

ಮೂರನೆಯ ಬಟ್ಟಲು ಸೆರೋಬ್ ಇಳಿದು ಹೋದ ಮೇಲೆ ಬಂದ ಮನುಷಾಕಳದು. ಹತ್ತೊಂಬತ್ತರ ಹುಡುಗಿ, ಆರು ವರ್ಷದವಳಿದ್ದಾಗಿನಿಂದ ಅಪ್ಪನ ಬಳಿ ಕಲಿತವಳು, ಅವನ ಕೊನೆಯ ಶಿಷ್ಯೆ. ಊರು ಕೆಡವಿದ ಹಳೆಯ ಭೂಕಂಪದ ನಂತರ ಮನೆ ಕಳಕೊಂಡವರಿಗೆ ‘ಎರಡು ವರ್ಷಕ್ಕೆ’ ಎಂದು ಕೊಟ್ಟ ತಗಡಿನ ತಾತ್ಕಾಲಿಕ ಮನೆಯಲ್ಲಿ, ಡೊಮಿಕ್‌ನಲ್ಲಿಯೇ ಅವಳು ಹುಟ್ಟಿದ್ದು, ಬೆಳೆದದ್ದು. ಈಗಲೂ ಅಮ್ಮ ಅಜ್ಜಿಯರ ಜೊತೆ ಅಲ್ಲೇ ಇದ್ದಳು. ಅಲ್ಲಿ ಕಂಪ್ಯೂಟರ್ ಇರಲಿ, ಚಳಿಗಾಲದಲ್ಲಿ ನೀರೂ ಹೆಪ್ಪುಗಟ್ಟದೆ ಇರುತ್ತಿರಲಿಲ್ಲ. ಅವಳ ಜೇಬಿನ ಹಳೆಯ ಫೋನಿಗೆ ಚೆಸ್ ನೋಡುವಷ್ಟು ಬುದ್ಧಿಯಿರಲಿಲ್ಲ. ಹಾಗಾಗಿ ವಾರಕ್ಕೆ ಮೂರು ದಿನ ಬಂದು ವಾರ್ಪೆತ್ತನ ಕಂಪ್ಯೂಟರಿನಲ್ಲೇ ತಯಾರಿ ನಡೆಸುತ್ತಿದ್ದಳು. ಆ ಫೆಬ್ರವರಿಯಲ್ಲಿ ರಾಜಧಾನಿ ಯೆರೆವಾನಿನಲ್ಲಿ ಮಹಿಳೆಯರ ಪಂದ್ಯಾವಳಿ ಇತ್ತು. ಮೊದಲ ಸ್ಥಾನ ಬಂದವಳಿಗೆ ತರಬೇತಿ ತಂಡದಲ್ಲಿ ಜಾಗ, ಇರಲು ಕೋಣೆ, ತಿಂಗಳ ಭತ್ಯೆ. ಕೋಣೆ ಎಂದರೆ ಕಲ್ಲಿನ ಗೋಡೆ, ಬೆಚ್ಚಗಿಡುವ ಬಿಸಿನೀರ ಕೊಳವೆ ಇರುವ ಕೋಣೆ. ಮನುಷಾಕ್ ಅದರ ಮಾತನ್ನೇ ಎತ್ತುತ್ತಿರಲಿಲ್ಲ. ಅಷ್ಟು ಆಸೆಯಿತ್ತು ಅವಳಿಗೆ.

ಶೋಘಿಕ್ ದಡ್ಡಿಯಲ್ಲ. ಶಾಲೆಯಲ್ಲಿ ಮೂರನೆಯ ತರಗತಿಗೆ ಚೆಸ್ ಪಾಠ ಮಾಡುವವಳು. ಹಾಕೋಬನ ಬಲ ಇಳಿಸಿದರೆ ಅವನು ಆಟವಾಡುವಾಗ ಮಾತ್ರ ದಡ್ಡನಾಗುವುದಿಲ್ಲ, ಸಲಹೆ ಕೇಳಿದಾಗಲೂ ದಡ್ಡನೇ. ನಾಲ್ಕೈದು ನಡೆಗಳಾಚೆ ಅವನಿಗೆ ಕುರುಡು. ಇದು ಗೊತ್ತಿದ್ದೇ ಅವಳು ಎಂಜಿನ್‌ಗಳ ಪಟ್ಟಿಯಲ್ಲಿ ಅದೇ ಎಂಜಿನ್ನಿನ ಇನ್ನೊಂದು ನಕಲನ್ನು ಸೇರಿಸಿ, ಅದರ ಉದ್ದನೆಯ ಹುಟ್ಟುಹೆಸರಲ್ಲೇ ಬಿಟ್ಟು, ಪೂರ್ತಿ ಬಲ ಕೊಟ್ಟು ಇಟ್ಟಿದ್ದಳು. ಮನುಷಾಕಳಿಗೂ ಹೇಳಿದ್ದಳು.

“ನೀನು ತಯಾರಿ ಮಾಡುವಾಗ ಆ ಉದ್ದ ಹೆಸರಿಂದು ತಗೋ. ಅದು ಹೊಸದು, ಬೇಗ ಲೆಕ್ಕ ಹಾಕುತ್ತೆ.”

“ಸರಿ ಅಕ್ಕಾ.”

ಅಷ್ಟೇ ಹೇಳಿದ್ದು. ಹಾಕೋಬ್ ಯಾಕೆ ಬೇಡ ಎಂದು ಹೇಳಲಿಲ್ಲ. ಹೇಳಿದರೆ ಗುರುವಿನ ಮರ್ಯಾದೆ ಶಿಷ್ಯೆಯ ಮುಂದೆ ಹೋಗುತ್ತದೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ತನ್ನ ಮರ್ಯಾದೆಯ ಚಿಂತೆಯೂ ಅದರಲ್ಲಿತ್ತು.

ಪಂದ್ಯಾವಳಿಯಲ್ಲಿ ಮನುಷಾಕ್ ಎಂಟು ಸುತ್ತು ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಅರ್ಧ ಅಂಕ ಮುಂದಿದ್ದಳು. ಕೊನೆಯ ಸುತ್ತಿಗೆ ಮುನ್ನ ಒಂದು ದಿನ ಬಿಡುವು. ಬೆಳಗಿನ ಮಿನಿ ಬಸ್ಸು ಹತ್ತಿ ಗ್ಯೂಮ್ರಿಗೆ ಬಂದು, ವಾರ್ಪೆತ್ತನ ಜೊತೆ ಮಧ್ಯಾಹ್ನದವರೆಗೆ ಕೂತು, ಹಾಗೇ ವಾಪಸು ಹೋದಳು. ಆ ಹೊತ್ತು ಶೋಘಿಕ್ ಶಾಲೆಯಲ್ಲಿ ಮಕ್ಕಳಿಗೆ ಆನೆ ನೇರ ಹೋಗುತ್ತದೆ ಎಂದು ಕಲಿಸುತ್ತಿದ್ದಳು. ಮನೆಗೆ ಬಂದಾಗ ಅಪ್ಪ ಕುಣಿಯುವುದೊಂದು ಬಾಕಿ.

“ಕಂಡುಕೊಂಡ್ವಿ ಕಣೆ! ನಾಳೆ ನೋಡು. ಎಪ್ಪತ್ನಾಲ್ಕನೇ ಇಸವಿಯಿಂದ ಎದೆಯಲ್ಲಿಟ್ಟುಕೊಂಡಿದ್ದ ಆಟ. ಒಂದು ಸಲಾನೂ ಯಾರ ಮೇಲೂ ಆಡೋಕೆ ಧೈರ್ಯ ಬಂದಿರಲಿಲ್ಲ ನಂಗೆ.”

ಮರುದಿನ ಮಧ್ಯಾಹ್ನ ಪಂದ್ಯ ಕಂಪ್ಯೂಟರಿನಲ್ಲಿ ನಡೆ ನಡೆಯಾಗಿ ಬರುತ್ತಿತ್ತು. ಸೆರೋಬ್ ಅಂಗಡಿ ಮುಚ್ಚಿ, ಬಾಗಿಲ ಮೇಲೆ ‘ಚೆಸ್ ಇದೆ’ ಎಂದು ಬರೆದಿಟ್ಟು ಮೇಲೆ ಬಂದಿದ್ದ. ಗ್ಯೂಮ್ರಿಯಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂವರೂ ಪರದೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹನ್ನೊಂದನೆಯ ನಡೆಯಲ್ಲಿ ಮನುಷಾಕ್ ತನ್ನ ಕುದುರೆಯನ್ನು ಎದುರಾಳಿಯ ರಾಜನ ಪಕ್ಕದ ಕಾಲಾಳಿನ ಮೇಲೆ ಧೊಪ್ಪನೆ ಹಾಕಿ ಬಲಿ ಕೊಟ್ಟಳು.

“ಅಬ್ಬಬ್ಬಾ!” ಸೆರೋಬ್ ಎದ್ದು ನಿಂತ. “ಲೇ ವಾಘಿನಾಕ್, ಡೊಮಿಕ್ ಹುಡುಗಿ ಅರಮನೆಗೇ ಬೆಂಕಿ ಇಟ್ಟಳಲ್ಲೋ!”

ಅಪ್ಪನ ಕಣ್ಣಲ್ಲಿ ನೀರಿತ್ತು. “ಮೂವತ್ತೆಂಟು ವರ್ಷ,” ಎಂದ. “ಮೂವತ್ತೆಂಟು ವರ್ಷ ಆ ಕುದುರೆ ಲಾಯದಲ್ಲೇ ಇತ್ತು.”

ಶೋಘಿಕಳಿಗೂ ಖುಷಿಯಾಯಿತು. ಮರುಕ್ಷಣ ಹಾಕೋಬನ ಅಂಕಿ ನೆನಪಾಯಿತು. “ಅಪ್ಪಾ, ಇದನ್ನ ನಿನ್ನೆ ಎಂಜಿನ್ ಹತ್ರ ಕೇಳಿದ್ರಲ್ಲ?”

“ಕೇಳದೆ ಬಿಡ್ತೀನಾ?”

“ಯಾವುದನ್ನ?”

“ಯಾವುದನ್ನ ಅಂದ್ರೆ? ಆ ಹುಡುಗಿ ಯಾವುದೋ ಉದ್ದ ಹೆಸರಿನವನನ್ನ ಕರೆಯೋಕೆ ಹೋದ್ಲು. ನಾನು ಬಿಡಲಿಲ್ಲ. ಯಾವನೋ ಏನೋ, ಅವನ ಗುಣ ನಂಗೇನು ಗೊತ್ತು? ಹಾಕೋಬ್‌ನ ಕೇಳು ಅಂದೆ. ದಿನಾ ಎದುರು ಕೂತು ಆಡ್ತೀನಿ, ಅವನು ನನ್ನ ಹತ್ರ ಸುಳ್ಳು ಹೇಳೋನಲ್ಲ. ಕೇಳಿದ್ವಿ. ಬಿಳಿಗೆ, ಅಂದ್ರೆ ನಮಗೆ, ಗೆಲುವು ಅಂದ.”

ಶೋಘಿಕ್ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿ ಇಬ್ಬರು ಮುದುಕರು ಮಕ್ಕಳಂತೆ ಬೀಗುತ್ತಿದ್ದರು. ನಾಲ್ಕೈದು ನಡೆಗಳಾಚೆ ಕುರುಡಾಗಿದ್ದವನು ಗೆಲುವು ಎಂದಿದ್ದ, ಅವನನ್ನು ಕುರುಡು ಮಾಡಿದವಳು ಅವಳು. ಯೆರೆವಾನಿನಲ್ಲಿ ಎದುರಾಳಿ ನಲವತ್ತು ನಿಮಿಷ ಯೋಚಿಸಿದಳು. ಸೆರೋಬ್ ಅಷ್ಟೂ ಹೊತ್ತು ಅವಳನ್ನು ಗೇಲಿ ಮಾಡಿದ. ಆಮೇಲೆ ಆ ಹೆಂಗಸು ರಾಜನನ್ನು ಹೊರಗೆ ತಂದಳು, ಚೆಕ್ ತಿಂದಳು, ಇನ್ನೊಂದು ತಿಂದಳು, ಅಲ್ಲಿಂದ ಆರನೆಯ ನಡೆಯಲ್ಲಿ ರಾಜನನ್ನು ಸುಮ್ಮನೆ ಒಂದು ಮನೆ ಹಿಂದಕ್ಕೆ ಸರಿಸಿ ಮೂಲೆಗೆ ಕೂರಿಸಿದಳು. ಅಲ್ಲಿಗೆ ಬೆಂಕಿ ಆರಿತು. ಮನುಷಾಕಳ ಬಳಿ ಒಂದು ಕುದುರೆ ಕಡಿಮೆ, ಬೇರೆ ಏನೂ ಇಲ್ಲ. ಇಪ್ಪತ್ತೇಳನೆಯ ನಡೆಗೆ ಸೋಲೊಪ್ಪಿಕೊಂಡಳು. ಮೊದಲ ಸ್ಥಾನ ಹೋಯಿತು, ಮೂರನೆಯದು ಬಂತು. ಮೂರನೆಯದಕ್ಕೆ ಕೋಣೆ ಇಲ್ಲ.

ಸೆರೋಬ್ ಟೋಪಿ ಹಾಕಿಕೊಂಡು ಇಳಿದು ಹೋದ. ಅವನ ಬಾಯಿ ಮುಚ್ಚಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

“ಹಾಕೋಬ್ ಇದನ್ನ ನೋಡದೆ ಇರೋಕೆ ಸಾಧ್ಯವಿಲ್ಲ,” ಎಂದ ಅಪ್ಪ. “ಎರಡು ಸಾವಿರದ ಇನ್ನೂರರವನು ಆ ಮೂಲೆ ನಡೇನ ನೋಡೇ ನೋಡ್ತಾನೆ. ಕೇಳುವಾಗ ನಾನೇ ಎಲ್ಲೋ ಹಲಗೆ ತಪ್ಪು ಜೋಡಿಸಿದ್ದೀನಿ. ಒಂದು ಕಾಲಾಳು ಬೇರೆ ಮನೇಲಿ ಇಟ್ಟಿದ್ದೀನಿ. ನನ್ನ ಕಣ್ಣು, ನನ್ನ ಹಾಳು ತಲೆ!”

ಅವನು ಆ ರಾತ್ರಿಯೂ ಮರುದಿನವೂ ಏನನ್ನೂ ತಿನ್ನಲಿಲ್ಲ. ಹೊಸದು ಯಾವುದೂ ನಿಲ್ಲದ ಆ ತಲೆಯಲ್ಲಿ ಇದೊಂದು ಮಾತ್ರ ಮೊಳೆ ಹೊಡೆದಂತೆ ನಿಂತುಬಿಟ್ಟಿತು. ಬೆಳಗ್ಗೆ ಎದ್ದಾಗ ಅಮ್ಮ ಎಲ್ಲಿ ಎಂದು ಕೇಳಿದ. ಆದರೆ ಹಲಗೆ ತಪ್ಪು ಜೋಡಿಸಿದ್ದನ್ನು ಮರೆಯಲಿಲ್ಲ.

ಎರಡು ದಿನದ ಮೇಲೆ ಮನುಷಾಕ್ ಬಂದಳು. ಅಮ್ಮ ಬೇಯಿಸಿದ ಸಿಹಿ ಗಾತಾ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಸೋತವಳು ಗುರುವಿಗೆ ಸಮಾಧಾನ ಹೇಳಲು ಬಂದಿದ್ದಳು, ಅಂಥ ಹುಡುಗಿ. ಶೋಘಿಕ್ ಒಲೆಯ ಮೇಲೆ ಕಾಫಿ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಅಪ್ಪ ಕಪಾಟಿನ ಕೀಲಿಯನ್ನು ಮನುಷಾಕಳ ಮುಂದೆ ಮೇಜಿನ ಮೇಲೆ ಇಟ್ಟ. “ನಲವತ್ತೊಂದು ವರ್ಷದ ನೋಟ್ ಪುಸ್ತಕಗಳಿವೆ ಮಗಳೇ. ತಗೊಂಡು ಹೋಗು. ಇನ್ನು ಮೇಲೆ ನನ್ನ ಹತ್ರ ಬರಬೇಡ. ನಿನ್ನ ಬದುಕು ಹಾಳು ಮಾಡ್ದೆ ನಾನು.”

“ಏನ್ ಮಾತು ವಾರ್ಪೆತ್ ಇದು? ಕುದುರೆ ಆಡಿದ್ದು ನಾನು.”

“ಹಲಗೆ ತಪ್ಪು ಜೋಡಿಸಿದ್ದು ನಾನು.”

“ಇಲ್ಲ. ಹಲಗೆ ಸರಿಯಾಗೇ ಇತ್ತು. ನಾನೇ ಎರಡು ಸಲ ನೋಡ್ದೆ. ಹಾಕೋಬ್‌ಗೇ ಕಾಣಲಿಲ್ಲ ಅಷ್ಟೇ.”

“ಹಾಕೋಬ್‌ಗೆ ಕಾಣದೆ ಇರುತ್ತಾ?” ಅಪ್ಪ ಪಟ್ಟಿಯ ಮೇಲೆ ಬೆರಳಿಟ್ಟ. “ನೋಡು, ಎಷ್ಟು ಬರೆದಿದೆ? ನೀನು ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಿದ್ದೀಯ. ನನ್ನ ತಲೆ ಹೋಗಿದೆ ಮಗಳೇ. ತಲೆ ಹೋದವನ ಹತ್ರ ಯಾರೂ ಕಲೀಬಾರದು. ನಂಗೆ ಇನ್ನು ಬದುಕಿ ಆಗಬೇಕಾದ್ದೂ ಏನಿಲ್ಲ.”

ಮನುಷಾಕ್ ಅಳತೊಡಗಿದಳು. ಸುಮ್ಮನಿದ್ದರೆ ಅಪ್ಪನ ಮೂರು ವರ್ಷದ ಗೆಲುವುಗಳು ಉಳಿಯುತ್ತಿದ್ದವು, ಆದರೆ ಅವನು ತಾನು ಮಾಡದ ತಪ್ಪನ್ನು ಹೊತ್ತುಕೊಂಡು ಸಾಯುತ್ತಿದ್ದ. ಬಾಯಿ ಬಿಟ್ಟರೆ ತಪ್ಪು ಇಳಿಯುತ್ತಿತ್ತು, ಗೆಲುವುಗಳೂ ಹೋಗುತ್ತಿದ್ದವು. ಹಿಂದೆ ಕಾಫಿ ಉಕ್ಕಿ ಒಲೆಯ ಮೇಲೆ ಸುರಿಯಿತು. ಶೋಘಿಕ್ ತಿರುಗಿ ನೋಡಲಿಲ್ಲ.

“ಅಪ್ಪಾ, ಹಾಕೋಬ್ ಎರಡು ಸಾವಿರದ ಇನ್ನೂರಲ್ಲ,” ಎಂದಳು. “ಸಾವಿರದ ನಾನೂರು. ನಾನೇ ಇಳಿಸಿದ್ದು.”

ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ಮೇಜಿನ ಬಳಿ ಬಂದು ಸೆಟ್ಟಿಂಗ್ ಕಿಟಕಿ ತೆರೆದು ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು, ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದ. ತುಟಿಯಲ್ಲೇ ಒಂದೊಂದು ಅಂಕಿಯನ್ನೂ ಹೇಳಿಕೊಂಡ.

“ಯಾವಾಗಿಂದ?”

“ಅಮ್ಮ ಹೋದಾಗಿಂದ. ನೀನು ಊಟ ಬಿಟ್ಟಿದ್ದೆ.”

“ಎಲ್ಲಾ ಆಟಾನೂ?”

“ಹೂಂ.”

“ಹಾಕೋಬ್ ನಂಗೆ ಯಾವತ್ತೂ ಬಿಟ್ಟುಕೊಟ್ಟವನಲ್ಲ,” ಎಂದ ಅಪ್ಪ. “ಸತ್ತವನ ಹೆಸರಲ್ಲಿ ಬಿಟ್ಟುಕೊಟ್ಟೆಯಲ್ಲೇ.”

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಅದಕ್ಕಿಂತ ದೊಡ್ಡದು ಇನ್ನೂ ಬಾಕಿಯಿತ್ತು. ಮನುಷಾಕ್ ಎದ್ದು ನಿಂತಿದ್ದಳು. ಅಳು ನಿಂತಿತ್ತು, ಮುಖ ಬೆಳ್ಳಗಾಗಿತ್ತು.

“ನಂಗ್ಯಾಕೆ ಹೇಳಲಿಲ್ಲ ಅಕ್ಕಾ?”

“ಆ ಉದ್ದ ಹೆಸರಿಂದು ತಗೋ ಅಂತ...”

“ಹೊಸದು ಅಂದ್ರಿ. ಬೇಗ ಲೆಕ್ಕ ಹಾಕುತ್ತೆ ಅಂದ್ರಿ. ನಂಗೇನು ಅವಸರ ಇತ್ತು? ಹಾಕೋಬ್ ಕುರುಡ ಅಂತ ನನ್ನ ಕಿವೀಲಿ ಒಂದು ಮಾತು ಹೇಳಿದ್ರೆ ಸಾಕಿತ್ತು. ವಾರ್ಪೆತ್ ಮುಂದೆ ತಲೆಯಾಡಿಸಿ, ಆಮೇಲೆ ನಾನೇ ನೋಡ್ಕೋತಿದ್ದೆ. ಒಂದು ಮಾತು.” ಅವಳು ಶಾಲು ಸುತ್ತಿಕೊಂಡಳು. “ನಮ್ಮಜ್ಜಿ ಈ ಚಳಿಗಾಲಾನಾದ್ರೂ ಬೆಚ್ಚಗೆ ಮಲಗ್ತಾಳೆ ಅಂದ್ಕೊಂಡಿದ್ದೆ.”

ಮನುಷಾಕ್ ಅಪ್ಪನ ತಲೆಗೆ ಮುತ್ತಿಟ್ಟು, ಕೀಲಿಯನ್ನು ಮೇಜಿನ ಮೇಲೇ ಬಿಟ್ಟು, ಶೋಘಿಕಳ ಕಡೆ ನೋಡದೆ ಹೊರಟುಹೋದಳು.

ಅಪ್ಪ ಉಗುರಿನಿಂದ ಹಳೆಯ ಪಟ್ಟಿಯನ್ನು ಕೆರೆದು ಕಿತ್ತ. ಹೊಸ ತುಂಡು ಕೇಳಿದ. ಅದರ ಮೇಲೆ ತಾನೇ, ಅದೇ ದಪ್ಪ ಅಕ್ಷರದಲ್ಲಿ 1400 ಎಂದು ಬರೆದು ಅಂಟಿಸಿದ. “ಬರೆದದ್ದು ನಿಜ ಇರಬೇಕು,” ಎಂದ. ಆಮೇಲೆ ಆಟಕ್ಕೆ ಕೂತ. ಹತ್ತಿರ ಹತ್ತಿರ ಸಮಕ್ಕೆ ಬಂದು, ಒಂದು ಆನೆ ಕಳಕೊಂಡು ಸೋತ. ಎದ್ದು ಬಟ್ಟಲುಗಳನ್ನು ತೊಳೆದ. ರೊಟ್ಟಿ ಕೇಳಿ ತಿಂದ. ಮಲಗುವ ಮುನ್ನ, “ಹಾಗಾದ್ರೆ ಹಲಗೆ ಸರಿಯಾಗಿತ್ತು,” ಎಂದು ತನಗೆ ತಾನೇ ಹೇಳಿಕೊಂಡ. ಶೋಘಿಕ್ ಆ ದಿನ ಅತ್ತಳು, ಹೊರೆ ಇಳಿದವಳ ಹಾಗೆ. ಮುಗಿಯಿತು ಎಂದುಕೊಂಡಳು.

ಮರುದಿನ ಬೆಳಗ್ಗೆ ಅಪ್ಪ ಹಾಸಿಗೆಯ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ.

“ಶೋಘಿಕ್, ಆ ಹುಡುಗಿ ಆಟಾನ ನಾನು ಕೆಡಿಸಿಬಿಟ್ಟೆ ಕಣೆ. ಹಲಗೆ ತಪ್ಪು ಜೋಡಿಸಿದ್ದೀನಿ.”

ತಪ್ಪು ಅವನ ತಲೆಯಲ್ಲಿ ಉಳಿದಿತ್ತು, ಅವಳ ತಪ್ಪೊಪ್ಪಿಗೆ ಅಳಿಸಿಹೋಗಿತ್ತು. ಅವಳು ಮತ್ತೆ ಹೇಳಿದಳು. ಅಪ್ಪ ಮತ್ತೆ ಮೊದಲ ಸಲ ಕೇಳುವವನಂತೆ ಕೇಳಿದ. ಮತ್ತೆ ಕನ್ನಡಕ ಒರೆಸಿದ. ಯಾವಾಗಿಂದ, ಎಲ್ಲಾ ಆಟಾನೂ, ಸತ್ತವನ ಹೆಸರಲ್ಲಿ. ಅದೇ ಮಾತುಗಳು, ಅದೇ ಜಾಗದಲ್ಲಿ ಮುಖ ಕುಸಿಯಿತು. ಮೂರನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನವೂ.

“ಅಯ್ಯೋ, ಏನಾದ್ರೂ ಒಂದು ಹೇಳಿಬಿಡೇ,” ಎಂದ ಸೆರೋಬ್ ಮೆಟ್ಟಿಲ ಮೇಲೆ ಸಿಕ್ಕಾಗ. “ಕರೆಂಟು ಹೋಗಿ ಕಂಪ್ಯೂಟರ್ ಕೆಟ್ಟಿತ್ತು ಅನ್ನು. ಹೇಗಿದ್ರೂ ನಾಳೆ ಮರೀತಾನೆ. ನಿನ್ನನ್ನ ನೀನೇ ದಿನಾ ಯಾಕೆ ನೇಣಿಗೆ ಹಾಕ್ಕೋತೀಯ?”

ಒಂದು ದಿನ ಹಾಗೆಯೇ ಹೇಳಿ ನೋಡಿದಳು. ಅಪ್ಪ ತಲೆಯಾಡಿಸಿದ. “ಕೆಟ್ಟಿದ್ರೆ ಸುಮ್ಮನಾಗ್ತಿದ್ದ, ಗೆಲುವು ಅಂತ ಹೇಳ್ತಿರಲಿಲ್ಲ. ಹಾಕೋಬ್ ಸುಳ್ಳು ಹೇಳೋನಲ್ಲ. ನಾನೇ ಹಲಗೆ ತಪ್ಪು ಜೋಡಿಸಿದ್ದೀನಿ.” ಅವತ್ತು ತಿನ್ನಲಿಲ್ಲ. ಸುಳ್ಳು ಅವನಿಗೆ ಇಳಿಯುತ್ತಿರಲಿಲ್ಲ. ನಿಜವೊಂದೇ ಒಂದು ದಿನದ ಮಟ್ಟಿಗೆ ನೋವು ಇಳಿಸುತ್ತಿತ್ತು. ಅದನ್ನು ದಿನಾ ಹೊಸದಾಗಿ ಕೊಡಬೇಕಿತ್ತು, ಕೊಡುವವಳು ಅವಳೇ ಆಗಬೇಕಿತ್ತು.

ಈಗ ಏಪ್ರಿಲ್. ಬೀದಿಯ ಕಪ್ಪು ಕಲ್ಲಿನ ಮೇಲೆ ಹಿಮ ಕರಗಿ ಕೆಸರಾಗಿದೆ. ಮನುಷಾಕ್ ಕಾಲುಚೀಲ ಹೆಣೆಯುವ ಒಂದು ಕಾರ್ಖಾನೆಗೆ ಸೇರಿದ್ದಾಳೆ ಎಂದು ಸೆರೋಬ್ ಹೇಳಿದ. ಶೋಘಿಕ್ ಎರಡು ಸಲ ಡೊಮಿಕ್‌ವರೆಗೆ ಹೋಗಿ ಬಂದಳು. ಒಂದು ಸಲ ಬಾಗಿಲು ತೆರೆಯಲಿಲ್ಲ. ಇನ್ನೊಂದು ಸಲ ಅಜ್ಜಿ ತೆರೆದು, “ಮಲಗಿದ್ದಾಳೆ” ಎಂದಳು. ಒಳಗೆ ರೇಡಿಯೋ ಹಾಡುತ್ತಿತ್ತು.

ಸಂಜೆಯ ಕಾಫಿಯಾದ ಮೇಲೆ ಅಪ್ಪ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಪಟ್ಟಿಯ ಮೇಲೆ ತನ್ನದೇ ಅಕ್ಷರ ನೋಡಿ ಹುಬ್ಬು ಗಂಟಿಕ್ಕುತ್ತಾನೆ.

“ಸಾವಿರದ ನಾನೂರಾ? ಇದನ್ನ ಯಾರು ಬರೆದ್ರು?”

“ನೀನೇ ಅಪ್ಪಾ.”

ಆಮೇಲೆ ಶೋಘಿಕ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳುತ್ತಾಳೆ. ಅಂಕಿ ಇಳಿಸಿದ್ದು, ಮುಚ್ಚಿಟ್ಟಿದ್ದು, ಒಂದು ಮಾತು ಹೇಳದೆ ಹೋದದ್ದು. ಒಂದು ಸಲವೂ ಮೊಟಕು ಮಾಡುವುದಿಲ್ಲ. ಅಪ್ಪ ಬಟ್ಟಲಿನ ತಳದ ಕಾಫಿ ಗಸಿಯನ್ನು ನೋಡುತ್ತ ಕೇಳುತ್ತಾನೆ.

“ಹಾಗಾದ್ರೆ ಹಲಗೆ ಸರಿಯಾಗಿತ್ತಾ?”

“ಸರಿಯಾಗಿತ್ತಪ್ಪಾ.”

“ತಪ್ಪು ನಂದಲ್ಲ.”

“ನಿಂದಲ್ಲ. ನಂದು.”

“ಆ ಹುಡುಗಿಗೆ ಹೇಳಿದ್ಯಾ?”

“ಹೇಳಿದೆ.”

“ಏನಂದ್ಲು?”

ಇಷ್ಟು ಹೊತ್ತು ನಿಜ ಹೇಳಿದ ಬಾಯಿ ಇಲ್ಲಿಗೆ ಬಂದು ಪ್ರತಿದಿನ ತಡವರಿಸುತ್ತದೆ. ಅಪ್ಪ ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿರುತ್ತಾನೆ. ಅವನಿಗೆ ಬೇಕಾದದ್ದು ಈಗ ಅದೊಂದೇ.

“ಪರವಾಗಿಲ್ಲ ಬಿಡಿ ಅಕ್ಕಾ ಅಂದ್ಲು,” ಎನ್ನುತ್ತಾಳೆ ಶೋಘಿಕ್. “ಶುಕ್ರವಾರ ಬರ್ತಾಳಂತೆ.”

“ಒಳ್ಳೆ ಹುಡುಗಿ,” ಎಂದು ಅಪ್ಪ ಆಟಕ್ಕೆ ತಿರುಗುತ್ತಾನೆ. ಸೋಲುತ್ತಾನೆ. ಎದ್ದು ತೋಳು ಮಡಚಿ ಬಟ್ಟಲು ತೊಳೆಯುತ್ತಾನೆ. ಇಬ್ಬರು ಕುಡಿದದ್ದು ಎರಡು. ಅವನು ಕಪಾಟಿನಿಂದ ಮೂರನೆಯದನ್ನೂ ತೆಗೆದು, ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿಡುತ್ತಾನೆ.